ಎಂಟು ಹಾಡು, ಒಂದು ಹಂಚಿನ ಮನೆ, ಒಂದು ವರ್ಷ: ಸ್ವಂತ ಆಲ್ಬಂ ತರಲು ಹೊರಟವರಿಗೆ

ನನ್ನ ಆಲ್ಬಂನಲ್ಲಿ ಒಂಬತ್ತು ಹಾಡು ಇರಬೇಕಿತ್ತು. ಬಂದದ್ದು ಎಂಟು. ಒಂಬತ್ತನೆಯದು ಈಗಲೂ ಹಾರ್ಡ್ ಡಿಸ್ಕಿನಲ್ಲಿ ಕೂತಿದೆ. ಹಾಡಿಗೇನೂ ಕೊರತೆ ಇರಲಿಲ್ಲ. ನಿಜ ಹೇಳಬೇಕೆಂದರೆ ಒಂಬತ್ತರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ. ಕಾಗದ ಸರಿ ಇರಲಿಲ್ಲ, ಅಷ್ಟೇ.

ನಾನು ಸಾಗರದವನು. ಹಗಲು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಗಿಟಾರ್ ಹಿಡಿಯುತ್ತೇನೆ. ಕಂಪನಿ, ಲೇಬಲ್ ಯಾವುದೂ ಇಲ್ಲ. ನಾನೇ ಬರೆದು, ನಾನೇ ಧಾಟಿ ಹಾಕಿ, ಮನೆಯಲ್ಲೇ ರೆಕಾರ್ಡ್ ಮಾಡಿ ಆಲ್ಬಂ ಹೊರತಂದೆ. ಆಮೇಲೆ ‘ನಾನೂ ಒಂದು ಮಾಡಬೇಕು, ಎಲ್ಲಿಂದ ಶುರು ಮಾಡಲಿ?’ ಎಂದು ಕೇಳುವವರು ಹೆಚ್ಚಾದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಮುಕ್ಕಾಲು ಗಂಟೆ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಅನ್ನಿಸಿತು. ಹಾಡು ಕಟ್ಟುವುದು ಹೇಗೆ ಎಂದು ಹೇಳಲು ಹೋಗುವುದಿಲ್ಲ. ಅದು ನಿಮಗೆ ಗೊತ್ತಿದೆ. ನನ್ನನ್ನು ಸುಸ್ತು ಮಾಡಿದ್ದು ಹಾಡಿನ ಸುತ್ತ ಇರುವ ಕೆಲಸ.

ಮೊದಲು ತಾರೀಖು, ಆಮೇಲೆ ಮೈಕ್

ಬಿಡುಗಡೆಯ ದಿನವನ್ನು ಕೊನೆಗೆ ನೋಡಿಕೊಳ್ಳೋಣ ಅನ್ನಬೇಡಿ. ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ನಾನು ಜನವರಿಯ ಕೊನೆಯ ಶುಕ್ರವಾರ ಎಂದು ಹಿಡಿದೆ. 2015ರ ಜುಲೈನಿಂದ ಜಗತ್ತಿನ ಬಹುತೇಕ ಕಡೆ ಹೊಸ ಸಂಗೀತ ಶುಕ್ರವಾರವೇ ಬರುತ್ತದೆ. ಸ್ಟ್ರೀಮಿಂಗ್ ಆ್ಯಪ್‌ಗಳ ಹೊಸ ಹಾಡಿನ ಪಟ್ಟಿಗಳೂ ಅದೇ ದಿನ ಬದಲಾಗುತ್ತವೆ. ಅಲ್ಲಿಂದ ನಾಲ್ಕು ವಾರ ಹಿಂದೆ ಹೋದರೆ ಹಾಡು ಅಪ್‌ಲೋಡ್ ಆಗಿರಬೇಕು. ಅದಕ್ಕೂ ಎರಡು ವಾರ ಮೊದಲು ಮಾಸ್ಟರಿಂಗ್, ಅಂದರೆ ಹಾಡಿನ ಸದ್ದಿಗೆ ಕೊನೆಯ ಹದ ಕೊಡುವ ಕೆಲಸ, ಮುಗಿದಿರಬೇಕು. ಮಿಕ್ಸಿಂಗ್‌ಗೆ (ದನಿ, ವಾದ್ಯಗಳನ್ನೆಲ್ಲ ಹದವಾಗಿ ಬೆರೆಸುವುದಕ್ಕೆ) ಎರಡು ತಿಂಗಳು ಸಾಕು ಎಂದು ಬರೆದುಕೊಂಡೆ, ಮೂರೂವರೆ ತಿಂಗಳು ಹಿಡಿಯಿತು.

ನಮ್ಮ ಕಡೆ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮನೆಯಲ್ಲಿ ಮೈಕ್ ಆನ್ ಮಾಡುವ ಹಾಗಿಲ್ಲ. ನವೆಂಬರ್‌ನಿಂದ ಅಡಿಕೆ ಕೊಯ್ಲು, ಪಕ್ಕದ ಮನೆಯಲ್ಲಿ ಸುಲಿಯುವ ಮಷಿನ್ ಶುರು. ಹಾಗಾಗಿ ಫೆಬ್ರವರಿಯಿಂದ ಏಪ್ರಿಲ್ ನಡುವಿನವರೆಗೆ ರೆಕಾರ್ಡಿಂಗ್. ಮಳೆಗಾಲದಲ್ಲಿ ಹೆಡ್‌ಫೋನ್ ಹಾಕಿಕೊಂಡು ಎಡಿಟಿಂಗ್, ಮಿಕ್ಸಿಂಗ್. ದೀಪಾವಳಿ ಹೊತ್ತಿಗೆ ಮುಖಪುಟ, ಹೆಸರು, ನಂಬರಿನ ಕೆಲಸ. ನಿಮ್ಮೂರಿಗೆ ನಿಮ್ಮದೇ ಸದ್ದಿನ ಪಂಚಾಂಗ ಇರುತ್ತದೆ. ಬೆಂಗಳೂರಿನವರಿಗೆ ಪಕ್ಕದ ಸೈಟಿನಲ್ಲಿ ಟೈಲ್ಸ್ ಕೊಯ್ಯುವವನು, ಕರಾವಳಿಯವರಿಗೆ ಇನ್ನೇನೋ. ಅದನ್ನು ಮೊದಲೇ ಬರೆದುಕೊಳ್ಳಿ.

ನವೆಂಬರ್ 1ಕ್ಕೆ ಬಿಡುಗಡೆ ಬೇಡ. ಆ ವಾರ ಎಲ್ಲರೂ ನಾಡಗೀತೆ, ಬಾವುಟದ ಹಾಡು ಬಿಡುತ್ತಾರೆ. ನಿಮ್ಮ ಮೆಲುದನಿಯ ಪ್ರೇಮಗೀತೆಯನ್ನು ಕೇಳುವವರು ಯಾರು? ನಮ್ಮೂರಲ್ಲಿ ಮೂರು ವರ್ಷಕ್ಕೊಮ್ಮೆ ಫೆಬ್ರವರಿ ಹೊತ್ತಿಗೆ ಮಾರಿಕಾಂಬಾ ಜಾತ್ರೆ ಬರುತ್ತದೆ. ಆ ವರ್ಷವಾದರೆ ಜಾತ್ರೆ ಮುಗಿಯುವ ತನಕ ಊರಿನವರ ಕಿವಿ ನಿಮಗೆ ಸಿಗುವುದಿಲ್ಲ.

ಪದ ಯಾರದು, ಧಾಟಿ ಯಾರದು

ಮೈಕ್ ಮುಟ್ಟುವ ಮೊದಲೇ ಮಾಡಬೇಕಾದದ್ದು ಇದು. ನಾನು ಮಾಡಲಿಲ್ಲ.

ಒಂಬತ್ತನೆಯ ಹಾಡಿನ ಕವಿತೆ ನಮ್ಮ ಜಿಲ್ಲೆಯ ಒಬ್ಬ ಹಿರಿಯ ಕವಿಯದು. ಅವರು ತೀರಿಕೊಂಡು ಇಪ್ಪತ್ತು ವರ್ಷ ದಾಟಿದೆ. ಅವರ ಮೊಮ್ಮಗನ ನಂಬರ್ ಹುಡುಕಿ ಫೋನ್ ಮಾಡಿದೆ. ‘ಅಯ್ಯೋ, ಹಾಡಿ ಸಾರ್, ನಮಗೆ ಖುಷಿ’ ಅಂದರು. ನಾನೂ ಖುಷಿಯಾದೆ. ಹಾಡು ತಯಾರಾಗಿ, ಅಪ್‌ಲೋಡ್ ಆಗಿ, ಬಿಡುಗಡೆಗೆ ಹದಿನೈದು ದಿನ ಇದೆ ಅನ್ನುವಾಗ ಅದರ ಒಂದು ತುಣುಕನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದೆ. ಮಾರನೆಯ ದಿನ ಕವಿಯ ಮಗಳು ಫೋನ್ ಮಾಡಿದರು. ‘ನಮ್ಮನ್ನು ಯಾರು ಕೇಳಿದರು?’ ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹಕ್ಕು ಮಕ್ಕಳೆಲ್ಲರಿಗೂ ಸೇರಿದ್ದು, ಒಬ್ಬರ ಬಾಯಿಮಾತು ಸಾಲದು. ಹಾಡನ್ನು ತೆಗೆದು ಇಡೀ ಆಲ್ಬಂ ಮತ್ತೆ ಕಳಿಸಿದೆ. ಹಾಡುಗಳ ಕ್ರಮ ಏರುಪೇರಾಯಿತು, ಮುಖಪುಟದ ಹಿಂದಿನ ಪಟ್ಟಿ ಬದಲಾಯಿತು, ಬಿಡುಗಡೆ ಎರಡು ವಾರ ಮುಂದಕ್ಕೆ ಹೋಯಿತು.

ಲೆಕ್ಕ ಸುಲಭ. ನಮ್ಮ ದೇಶದಲ್ಲಿ ಬರೆದವರ ಹಕ್ಕು ಅವರು ತೀರಿಕೊಂಡ ವರ್ಷ ಮುಗಿದ ಮೇಲೆ ಇನ್ನೂ 60 ವರ್ಷ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ ಅನುಮತಿ ಬೇಕು. ಕುವೆಂಪು 1994, ಹಾಗಾಗಿ 2054. ಡಿವಿಜಿ 1975, ಅವರದ್ದು 2035. ಎಂ. ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳು 2024ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದ ಯಾರ ಅಪ್ಪಣೆಯೂ ಬೇಡ.

ಆದರೆ ಇಲ್ಲೊಂದು ಕೊಕ್ಕೆ ಇದೆ. ಪದ ಬೇರೆ, ಧಾಟಿ ಬೇರೆ. ಶರೀಫರು 1889ರಲ್ಲಿ ತೀರಿಕೊಂಡರು, ಪದ ಎಲ್ಲರದು. ನಮ್ಮ ಕಿವಿಯಲ್ಲಿ ಕೂತಿರುವ ಎಷ್ಟೋ ಧಾಟಿ ಮಾತ್ರ ಸಿ. ಅಶ್ವತ್ಥ್ ಅವರು ಹಾಕಿದ್ದು. ಅವರು ಹೋದದ್ದು 2009ರಲ್ಲಿ. ‘ಜನಪದ ಧಾಟಿ’ ಎಂದುಕೊಂಡು ಹಾಡುವ ಮುನ್ನ ಆ ಧಾಟಿ ನಿಮ್ಮ ಅಜ್ಜಿಯ ಬಾಯಿಂದ ಬಂದದ್ದೋ, ಕ್ಯಾಸೆಟ್ಟಿನಿಂದ ಬಂದದ್ದೋ ನೋಡಿಕೊಳ್ಳಿ. ಶರೀಫರನ್ನು ಹಾಡುವ ಆಸೆ ಇದ್ದರೆ ಹೊಸ ಧಾಟಿ ಹಾಕಿ. ಅದೇ ಚಂದ ಕೂಡ.

ಅನುಮತಿ ಸಿಕ್ಕರೆ ಒಂದು ಪುಟದ ಪತ್ರ ಬರೆಸಿಕೊಳ್ಳಿ. ಯಾವ ಕವಿತೆ, ಯಾವ ಆಲ್ಬಂ, ಯಾವ್ಯಾವ ರೂಪದಲ್ಲಿ (ಸ್ಟ್ರೀಮಿಂಗ್, ವಿಡಿಯೋ, ಕಛೇರಿ, ಪೆನ್‌ಡ್ರೈವ್), ಎಷ್ಟು ವರ್ಷ, ಯಾವ ದೇಶ, ಎಷ್ಟು ಹಣ. ವರ್ಷ ಮತ್ತು ದೇಶ ಬರೆಯುವುದನ್ನು ಮಾತ್ರ ಮರೆಯಬೇಡಿ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಅವಧಿ ಬರೆಯದಿದ್ದರೆ ಐದು ವರ್ಷ ಎಂದು, ಜಾಗ ಬರೆಯದಿದ್ದರೆ ಭಾರತ ಮಾತ್ರ ಎಂದು ಅರ್ಥ. ದುಬೈನಲ್ಲಿ ಕೂತ ನಿಮ್ಮ ಅಣ್ಣ ಕೇಳುವ ಹಾಡು ಆ ಪತ್ರದಲ್ಲಿ ಬರುವುದೇ ಇಲ್ಲ. ಮಕ್ಕಳು ನಾಲ್ವರಿದ್ದರೆ ನಾಲ್ಕು ಸಹಿ ಬೇಕು. ಹಕ್ಕನ್ನು ಪ್ರಕಾಶಕರಿಗೆ ಕೊಟ್ಟಿದ್ದಾರಾ ಅಂತಲೂ ಕೇಳಿ.

ಸಿನಿಮಾ ಹಾಡಿನ ಕವರ್, ಅಂದರೆ ಅದೇ ಹಾಡನ್ನು ನಿಮ್ಮ ದನಿಯಲ್ಲಿ ಹಾಡಿ ಹಾಕುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ಕಾನೂನಿನಲ್ಲಿ ದಾರಿ ಇದೆ, ಆದರೆ ಮೂಲ ಹಾಡು ಬಂದು ಐದು ವರ್ಷ ದಾಟಿರಬೇಕು, ಮೊದಲೇ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ನಮ್ಮಂಥವರ ದಾರಿ ಅದಲ್ಲ.

ಜೊತೆಗೆ ನುಡಿಸಿದವರಿಂದಲೂ ಪತ್ರ ತಗೊಳ್ಳಿ. ನಮ್ಮಲ್ಲಿ ಇದಕ್ಕೆ ನಾಚಿಕೆ ಜಾಸ್ತಿ. ಸ್ನೇಹಿತನ ಹತ್ತಿರ ಸಹಿ ಕೇಳುವುದು ಹೇಗೆ ಅನ್ನಿಸುತ್ತದೆ. ನಾನು ಮೊದಲೇ ಹಣ ಕೊಟ್ಟು, ಆಮೇಲೆ ಚಹಾ ಕುಡಿಯುತ್ತಾ ಕಾಗದ ಮುಂದಿಟ್ಟೆ. ಪಿಟೀಲಿನವರು ನಕ್ಕು ಸಹಿ ಹಾಕಿದರು. ತಬಲಾದವನು ‘ಪರವಾಗಿಲ್ಲ ಮಾರಾಯ, ನನ್ನ ಹೆಸರು ಇಂಗ್ಲಿಷಲ್ಲಿ ಹೀಗೆ ಬರೆಯಬೇಕು ನೋಡು’ ಎಂದು ಸ್ಪೆಲಿಂಗ್ ತಿದ್ದಿಕೊಟ್ಟ. ಅದೊಂದು ಲಾಭ. ಕ್ರೆಡಿಟ್‌ನಲ್ಲಿ ಹೆಸರು ತಪ್ಪಾದರೆ ಹಣ ಕಡಿಮೆ ಕೊಟ್ಟದ್ದಕ್ಕಿಂತ ದೊಡ್ಡ ಮುನಿಸು.

ಮನೆಯಲ್ಲಿ ರೆಕಾರ್ಡಿಂಗ್

ಉಪಕರಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎರಡು ಮೈಕ್ ಹಾಕಲು ಬರುವ ಒಂದು ಇಂಟರ್ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಕಿವಿ ಮುಚ್ಚುವ ಹೆಡ್‌ಫೋನ್ ಸಾಕು. ಸಾಫ್ಟ್‌ವೇರಿಗೆ ನಾನು ರೀಪರ್ ಬಳಸಿದೆ. 60 ದಿನ ಪುಕ್ಕಟೆ ನೋಡಬಹುದು, ನಮ್ಮಂಥವರಿಗೆ ಲೈಸೆನ್ಸ್ 60 ಡಾಲರ್. 24 ಬಿಟ್, 48 ಕಿಲೋಹರ್ಟ್ಸ್‌ಗೆ ಇಡಿ. ಜೋರಾಗಿ ಹಾಡುವ ಸಾಲಿನಲ್ಲೂ ಮೀಟರ್ ಮೈನಸ್ 10 ಡೆಸಿಬಲ್ ಆಸುಪಾಸಿನಲ್ಲೇ ಇರಲಿ. ಕೆಂಪು ಮುಟ್ಟಿದರೆ ಆ ಟೇಕ್ ಹೋಯಿತು.

ಕೋಣೆ ಮುಖ್ಯ. ಬೋಳು ಗೋಡೆಯ ಕೋಣೆಯಲ್ಲಿ ದನಿ ಸ್ನಾನದ ಮನೆಯಲ್ಲಿ ಹಾಡಿದ ಹಾಗೆ ಕೇಳಿಸುತ್ತದೆ. ನಾನು ಎರಡು ಹತ್ತಿಯ ಹಾಸಿಗೆಯನ್ನು ಗೋಡೆಗೆ ಒರಗಿಸಿ, ಬೆನ್ನ ಹಿಂದೆ ಕಂಬಳಿ ತೂಗುಹಾಕಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದಿಟ್ಟು ಹಾಡಿದೆ. ನಮ್ಮನೆಯವಳು ಬಾಗಿಲಲ್ಲಿ ನಿಂತು ‘ಗುಜರಿ ಅಂಗಡಿ’ ಅಂದಳು. ಇರಲಿ. ಸದ್ದು ಮಾತ್ರ ಶುದ್ಧವಾಗಿತ್ತು. ರಾತ್ರಿ ಹನ್ನೊಂದರ ಮೇಲೆ ಫ್ಯಾನ್ ಆಫ್, ಫ್ರಿಜ್ ಆಫ್. ಫ್ರಿಜ್ ಆಫ್ ಮಾಡುವಾಗ ಬೈಕಿನ ಕೀಯನ್ನು ಅದರೊಳಗೆ ಇಟ್ಟುಬಿಡಿ. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಫ್ರಿಜ್ ತಾನಾಗಿ ನೆನಪಾಗುತ್ತದೆ. ಇದನ್ನು ಕಲಿಯುವ ಮೊದಲು ಒಂದು ರಾತ್ರಿಯ ದೋಸೆ ಹಿಟ್ಟು ಹುಳಿಯಾಗಿ ಉಕ್ಕಿತ್ತು.

ನಾನು ಹೆಗ್ಗೋಡಿನ ನೀನಾಸಂನಲ್ಲಿ ನಾಟಕ ನೋಡಿ ಬೆಳೆದವನು. ಕೊನೆಯ ಸಾಲಿಗೆ ಕೇಳಬೇಕು ಎಂದು ದನಿ ಎಸೆಯುವುದೇ ಅಭ್ಯಾಸ. ಮೈಕಿಗೆ ಅದು ಬೇಡ. ಒಂದು ಗೇಣು ದೂರದಲ್ಲಿ ಕೂತ ಒಬ್ಬರಿಗೆ ಹೇಳಿದ ಹಾಗೆ ಹಾಡಬೇಕು. ಇದು ಅರ್ಥವಾಗಲು ನನಗೆ ಮೂರು ಹಾಡು ಹಾಳಾಗಬೇಕಾಯಿತು. ಪ, ಬ, ಭ ಬಂದಾಗ ಮೈಕಿಗೆ ಗಾಳಿ ಗುದ್ದುತ್ತದೆ. ಕಸೂತಿ ಹಾಕುವ ಬಳೆಗೆ ತೆಳು ಬಟ್ಟೆ ಬಿಗಿದು ಮೈಕಿನ ಮುಂದೆ ನಿಲ್ಲಿಸಿ, ಮೈಕನ್ನು ಬಾಯಿಗೆ ಸ್ವಲ್ಪ ಓರೆಯಾಗಿ ಇಡಿ.

ಹಾರ್ಮೋನಿಯಂ ಇದ್ದರೆ ಅದರ ಶ್ರುತಿ ಮೊದಲು ನೋಡಿ. ಹಳೆಯ ಪೆಟ್ಟಿಗೆಗಳು ಟ್ಯೂನರಿನ 440 ಹರ್ಟ್ಸ್ ಎಂಬ ರೂಢಿಯ ಶ್ರುತಿಗೆ ಕೂರುವುದು ಕಡಿಮೆ. ಪೆಟ್ಟಿಗೆಯನ್ನು ಅಲ್ಲೇ ಕೂತು ತಿದ್ದಲು ಆಗುವುದಿಲ್ಲ, ಅದಕ್ಕೆ ಗಿಟಾರನ್ನೇ ಹೊಂದಿಸಿಕೊಳ್ಳಬೇಕು. ನಾನು ಗಿಟಾರ್ ಮೊದಲು ತುಂಬಿ ಆಮೇಲೆ ಪೆಟ್ಟಿಗೆ ಕರೆಸಿ, ಎರಡು ಹಾಡು ಮೊದಲಿನಿಂದ ನುಡಿಸಿದೆ.

ತಂಬೂರಿಯನ್ನು ಆ್ಯಪಿನಿಂದ ಹಾಕಬೇಡಿ. ಅದೇ ತಂಬೂರಿಯ ತುಣುಕು ಸಾವಿರಾರು ಜನರ ಹಾಡಿನಲ್ಲಿ ಇರುತ್ತದೆ. ಯಾರೋ ಒಬ್ಬರು ಅದನ್ನು ಯೂಟ್ಯೂಬಿನ ಕಂಟೆಂಟ್ ಐಡಿಗೆ (ಯಾರ ಸಂಗೀತ ಎಂದು ತಾನಾಗಿ ಗುರುತಿಸುವ ವ್ಯವಸ್ಥೆಗೆ) ಸೇರಿಸಿರುತ್ತಾರೆ. ನನ್ನ ಹಳೆಯ ವಿಡಿಯೋ ಒಂದಕ್ಕೆ ಹೆಸರೇ ಕೇಳದ ಕಂಪನಿಯೊಂದು ‘ಈ ಸಂಗೀತ ನಮ್ಮದು’ ಎಂದು ಕ್ಲೇಮ್ ಹಾಕಿತ್ತು. ಅವರು ಹಿಡಿದದ್ದು ತಂಬೂರಿಯನ್ನು! ಬಿಡಿಸಿಕೊಳ್ಳಲು ಮೂರು ವಾರ ಬೇಕಾಯಿತು. ಪರಿಚಯದವರ ಮನೆಯ ತಂಬೂರಿಯನ್ನು ಹತ್ತು ನಿಮಿಷ ಮೀಟಿ ರೆಕಾರ್ಡ್ ಮಾಡಿಕೊಂಡರೆ ಜೀವಮಾನಕ್ಕೆ ಸಾಕು. ರೆಡಿಮೇಡ್ ಡ್ರಮ್ ಲೂಪ್‌ಗಳಿಗೂ ಇದೇ ಮಾತು.

ಮಿಕ್ಸಿಂಗ್: ಪದ ಕೇಳಬೇಕು

ಮಿಕ್ಸಿಂಗ್ ಹೊರಗೆ ಕೊಟ್ಟೆ. ಒಂದೊಂದು ದನಿ, ವಾದ್ಯಕ್ಕೂ ಬೇರೆ ಬೇರೆ ಟ್ರ್ಯಾಕ್ ಇರುತ್ತದೆ. ನಾಲ್ಕು ನಿಮಿಷದ ಒಂದು ಟ್ರ್ಯಾಕ್ ಸುಮಾರು 35 ಎಂಬಿ. ಇಪ್ಪತ್ತು ಟ್ರ್ಯಾಕಿನ ಹಾಡು 700 ಎಂಬಿ. ಎಂಟು ಹಾಡು ಸೇರಿ ಐದೂವರೆ ಜಿಬಿ ದಾಟುತ್ತದೆ. ಕಳಿಸುವ ಮುನ್ನ ಎಲ್ಲ ಫೈಲೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ, ವೇವ್ ರೂಪದಲ್ಲಿರಲಿ, ಹೆಸರು ‘ಆಡಿಯೋ 17’ ಎಂದಿರದೆ ‘ಪಿಟೀಲು ಎಡ’ ಅನ್ನುವ ಹಾಗಿರಲಿ. ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಪ್ರತಿ ಇಡಿ. ಒಂದನ್ನು ಬೇರೆ ಮನೆಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು.

ನನ್ನ ಮಿಕ್ಸಿಂಗ್ ಮಾಡಿದ ಹುಡುಗ ಬೆಂಗಳೂರಿನಲ್ಲಿದ್ದಾನೆ, ಕೆಲಸದಲ್ಲಿ ಜಾಣ, ಆದರೆ ಕನ್ನಡ ಬಾರದು. ಮೊದಲ ಮಿಕ್ಸ್ ಬಂದಾಗ ಸದ್ದು ಸಿನಿಮಾದ ಹಾಗಿತ್ತು. ಅಮ್ಮನಿಗೆ ಕೇಳಿಸಿದೆ. ‘ಚಂದ ಇದೆ ಕಣೋ, ಏನು ಹೇಳ್ತಿದ್ದೀಯ ಅಂತ ಗೊತ್ತಾಗಲಿಲ್ಲ’ ಅಂದರು. ದನಿಯನ್ನು ಗಿಟಾರಿನಷ್ಟೇ ಮಟ್ಟಕ್ಕೆ ಇಳಿಸಿ, ಮೇಲೆ ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಹಾಡಿದಂಥ ಗುಂಗು) ಸುರಿದಿದ್ದ. ಳ, ಣ, ಒತ್ತಕ್ಷರ ಎಲ್ಲ ಮಂಜಿನಲ್ಲಿ ಮುಳುಗಿ ಹೋಗಿದ್ದವು.

ಅಲ್ಲಿಂದ ಒಂದು ಪರೀಕ್ಷೆ ಕಂಡುಕೊಂಡೆ. ಅಮ್ಮನ ಕೈಗೆ ಪೆನ್ನು, ಕಾಗದ ಕೊಟ್ಟು, ಹಾಡು ಒಮ್ಮೆ ಹಾಕಿ, ಕೇಳಿದ್ದನ್ನು ಬರೆಯಲು ಹೇಳುವುದು. ‘ಹೊಳೆ ದಾಟಿ’ ಅನ್ನುವುದನ್ನು ‘ಒಲೆ ತಾಟಿ’ ಎಂದು ಬರೆದರು. ಅಮ್ಮ ತಪ್ಪು ಬರೆದ ಪದಗಳಿಗೆಲ್ಲ ನಿಮಿಷ, ಸೆಕೆಂಡು ಗುರುತು ಹಾಕಿ, ಇಂಗ್ಲಿಷ್ ಅಕ್ಷರದಲ್ಲಿ ಸಾಲು ಬರೆದು, ಅರ್ಥ ಹೇಳಿ ಆ ಹುಡುಗನಿಗೆ ಕಳಿಸಿದೆ. ‘ಈ ಪದ ಕೇಳದಿದ್ದರೆ ಸಾಲಿಗೆ ಅರ್ಥವೇ ಇಲ್ಲ’ ಎಂದೆ. ಎರಡನೆಯ ಸಲ ಅವನು ಮಾಡಿ ಕಳಿಸಿದ್ದನ್ನು ಕೇಳಿ ಅಮ್ಮ ಎರಡೇ ಪದ ತಪ್ಪಿದರು. ಆ ಎರಡು ನನ್ನ ಉಚ್ಚಾರದ ತಪ್ಪು. ಮತ್ತೆ ಹಾಡಿದೆ.

ತಿದ್ದುಪಡಿಗೆ ಎಷ್ಟು ಸಲ ಅವಕಾಶ ಎಂದು ಮೊದಲೇ ಮಾತಾಡಿಕೊಳ್ಳಿ. ಮೂರು ಸಲ ಅಂದರೆ ಮೂರೇ ಸಲ. ಒಂದೊಂದೇ ಮಾತು ವಾಟ್ಸ್ಆ್ಯಪ್ ಮಾಡುವ ಬದಲು ಎಲ್ಲವನ್ನೂ ಒಟ್ಟಿಗೆ ಬರೆದು ಕಳಿಸಿ. ಮಿಕ್ಸ್ ಅನ್ನು ಫೋನಿನ ಸ್ಪೀಕರಿನಲ್ಲಿ, ಕಾರಿನಲ್ಲಿ, ಅಗ್ಗದ ಇಯರ್‌ಫೋನಿನಲ್ಲಿ ಕೇಳಿ. ನಮ್ಮ ಜನ ಕೇಳುವುದು ಅವುಗಳಲ್ಲೇ ಅಲ್ವಾ.

ಮಾಸ್ಟರಿಂಗ್ ಬಗ್ಗೆ ಒಂದೇ ಮಾತು. ‘ಜೋರಾಗಿ ಮಾಡಿ’ ಎಂದು ಹಟ ಹಿಡಿಯಬೇಡಿ. ಸ್ಪಾಟಿಫೈ ಎಲ್ಲರ ಹಾಡನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಎಷ್ಟು ಜೋರು ಎಂದು ಅಳೆಯುವ ಮಾನ) ಮಟ್ಟಕ್ಕೆ ತಂದು ನುಡಿಸುತ್ತದೆ, ಆಪಲ್ ಮ್ಯೂಸಿಕ್ ಮೈನಸ್ 16ಕ್ಕೆ. ನೀವು ಹಿಂಡಿ ಜೋರು ಮಾಡಿದ್ದನ್ನು ಅವರು ಇಳಿಸುತ್ತಾರೆ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ. ಪೀಕ್ ಮೈನಸ್ 1 ಡೆಸಿಬಲ್ ದಾಟದಿರಲಿ.

ಹೆಸರು, ಅಕ್ಷರ, ನಂಬರು

ಸ್ಪಾಟಿಫೈ, ಆಪಲ್‌ಗೆ ನಾವೇ ನೇರವಾಗಿ ಹಾಡು ಕೊಡಲು ಆಗುವುದಿಲ್ಲ, ನಡುವೆ ಡಿಸ್ಟ್ರಿಬ್ಯೂಟರ್ ಬೇಕು. ಮೂರು ಬಗೆ ಇವೆ. ಡಿಸ್ಟ್ರೋಕಿಡ್ ಥರದವರು ವರ್ಷಕ್ಕೆ ಇಷ್ಟು ಎಂದು ಶುಲ್ಕ ತಗೊಂಡು, ಹಾಡಿನಿಂದ ಬಂದ ಹಣವನ್ನೆಲ್ಲ ನಿಮಗೇ ಬಿಡುತ್ತಾರೆ. ಆದರೆ ವರ್ಷದ ಹಣ ಕಟ್ಟುವುದು ನಿಲ್ಲಿಸಿದರೆ, ಬೇರೆ ಶುಲ್ಕ ಕೊಟ್ಟು ಉಳಿಸಿಕೊಳ್ಳದ ಹಾಡು ಕೆಳಗಿಳಿಯಬಹುದು. ಸಿಡಿ ಬೇಬಿ ಒಮ್ಮೆ ಹಣ ತಗೊಂಡು, ಬಂದದ್ದರಲ್ಲಿ ನೂರಕ್ಕೆ 9 ಹಿಡಿಯುತ್ತದೆ. ರೂಟ್‌ನೋಟ್‌ನಲ್ಲಿ ಪುಕ್ಕಟೆ ಹಾಕಬಹುದು, ನೂರಕ್ಕೆ 15 ಅವರಿಗೆ. ಒಂದೇ ಆಲ್ಬಂ ಮಾಡಿ ಹತ್ತು ವರ್ಷ ಸುಮ್ನೆ ಇರುವವರಿಗೆ ಎರಡನೆಯದು, ಮೂರನೆಯದು ಸರಿ. ತಿಂಗಳಿಗೊಂದು ಹಾಡು ಬಿಡುವವರಿಗೆ ಮೊದಲನೆಯದು.

ಅಲ್ಲಿ ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರದ ಗುರುತು ಸಿಗುತ್ತದೆ, ಆಲ್ಬಂಗೆ ಯುಪಿಸಿ ನಂಬರ್. ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಡಿಸ್ಟ್ರಿಬ್ಯೂಟರ್ ಬದಲಿಸಿದರೆ ಹಳೆಯ ಐಎಸ್‌ಆರ್‌ಸಿಯನ್ನೇ ಕೊಡಬೇಕು. ಇಲ್ಲದಿದ್ದರೆ ಇಷ್ಟು ದಿನ ಕೇಳಿದವರ ಲೆಕ್ಕ ಹೋಗಿ, ಹಾಡು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಹಾಡಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೋ, ಕನ್ನಡದಲ್ಲೋ? ನನ್ನ ಮನಸ್ಸು ಕನ್ನಡ ಅನ್ನುತ್ತದೆ, ಆದರೆ ಜನ ಹುಡುಕುವುದು ಇಂಗ್ಲಿಷ್ ಕೀಬೋರ್ಡಿನಲ್ಲಿ. ಇಂಗ್ಲಿಷಿನಲ್ಲಿ ಬರೆಯುವುದಾದರೆ ಒಮ್ಮೆ ಜೋರಾಗಿ ಓದಿ ನೋಡಿ. ನನ್ನ ಒಂದು ಹಾಡಿನ ಹೆಸರು ‘ಮಳೆ’. ಎಂ, ಎ, ಎಲ್, ಇ ಎಂದು ಬರೆದೆ. ‘ಗಂಡಸು ಅಂತ ಯಾಕೆ ಹೆಸರಿಟ್ಟಿದ್ದೀಯ?’ ಎಂದು ಬೆಂಗಳೂರಿನ ತಂಗಿ ಫೋನ್ ಮಾಡಿದಳು. ಮೂರು ಪದದ ಹೆಸರಿಗೆ ಬದಲಾಯಿಸಿದೆ. ಭಾಷೆ ಎಂಬಲ್ಲಿ ಕನ್ನಡ ಎಂದೇ ಆರಿಸಿ. ನಿಮ್ಮದೇ ಹೆಸರಿನ ಇನ್ನೊಬ್ಬ ಗಾಯಕ ಇದ್ದಾನಾ ಎಂದು ಮೊದಲೇ ಹುಡುಕಿ. ಇದ್ದರೆ ಊರೋ ಇನಿಷಿಯಲ್ಲೋ ಸೇರಿಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಹಾಡು ಅವನ ಪುಟಕ್ಕೆ ಹೋಗಿ ಕೂರುತ್ತದೆ.

ಸಾಹಿತ್ಯವನ್ನು ಮ್ಯೂಸಿಕ್ಸ್‌ಮ್ಯಾಚ್‌ನಲ್ಲಿ ಹಾಕಿದರೆ ಸ್ಪಾಟಿಫೈನಲ್ಲಿ ಹಾಡಿನ ಜೊತೆ ಸಾಲು ಓಡುತ್ತದೆ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಕಸ ಬರುತ್ತದೆ. ಯೂನಿಕೋಡ್‌ಗೆ ಬದಲಾಯಿಸಿ, ಅರ್ಕಾವತ್ತು ಸರಿ ಬಂದಿದೆಯಾ ಎಂದು ಕಣ್ಣಲ್ಲಿ ನೋಡಿ. ಮುಖಪುಟಕ್ಕೂ ಇದೇ ಕಾಟ. 3000 ಗುಣಿಸು 3000 ಪಿಕ್ಸೆಲ್ ಚೌಕ ಬೇಕು, ಅದರ ಮೇಲೆ ಫೋನ್ ನಂಬರ್, ವೆಬ್‌ಸೈಟ್, ಆ್ಯಪ್‌ಗಳ ಲೋಗೋ ಇರಬಾರದು. ಕನ್ನಡ ಬಾರದ ಡಿಸೈನರ್ ಕೈಗೆ ಕೊಟ್ಟರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದಿರುತ್ತದೆ, ಅವರಿಗೆ ಅದು ಕಾಣುವುದೂ ಇಲ್ಲ. ನಾನು ಹೆಸರನ್ನು ಬ್ರಷ್ಷಿನಲ್ಲಿ ಬರೆಸಿ, ಸ್ಕ್ಯಾನ್ ಮಾಡಿ ಕೊಟ್ಟೆ.

ಅಪ್‌ಲೋಡ್ ಆದ ಮೇಲೆ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್ ಒಳಗೆ ಹೋಗಿ ಒಂದು ಹಾಡನ್ನು ಅವರ ಪ್ಲೇಲಿಸ್ಟ್ ತಂಡಕ್ಕೆ ಕಳಿಸಬಹುದು. ಒಂದೇ ಹಾಡು, ಅದೂ ಬಿಡುಗಡೆಗೆ ಕನಿಷ್ಠ 7 ದಿನ ಮೊದಲು. ಪ್ಲೇಲಿಸ್ಟ್ ಸಿಗದಿದ್ದರೂ, ನಿಮ್ಮನ್ನು ಫಾಲೋ ಮಾಡುವವರ ರಿಲೀಸ್ ರೇಡಾರ್ ಎಂಬ ಹೊಸ ಹಾಡಿನ ಪಟ್ಟಿಯಲ್ಲಿ ಆ ಹಾಡು ಬರುತ್ತದೆ. ಇನ್‌ಸ್ಟಾಗ್ರಾಂಗೂ ಹಾಡು ಹೋಗಲಿ ಎಂದು ಡಿಸ್ಟ್ರಿಬ್ಯೂಟರಿನಲ್ಲಿ ಟಿಕ್ ಹಾಕುವುದನ್ನು ಮರೆತರೆ ಯಾರೂ ರೀಲ್ಸ್‌ಗೆ ಬಳಸಲು ಆಗುವುದಿಲ್ಲ.

ಹಣದ ಕಾಗದ

ಸಾಹಿತ್ಯ ಮತ್ತು ಧಾಟಿ ಜಮೀನು ಇದ್ದ ಹಾಗೆ, ರೆಕಾರ್ಡಿಂಗ್ ಅದರಲ್ಲಿ ತೆಗೆದ ಒಂದು ಬೆಳೆ. ಡಿಸ್ಟ್ರಿಬ್ಯೂಟರ್ ಕೊಡುವುದು ಬೆಳೆಯ ಹಣ. ಜಮೀನಿನ ಹಣ ಬೇರೆ ದಾರಿಯಲ್ಲಿ ಬರುತ್ತದೆ. ಅದಕ್ಕೆ ಐಪಿಆರ್‌ಎಸ್‌ಗೆ ಸೇರಬೇಕು. ಸಾಹಿತ್ಯ, ಧಾಟಿಯ ರಾಯಧನವನ್ನು ವಸೂಲಿ ಮಾಡಿ ಹಂಚುವ, 1969ರಲ್ಲಿ ಶುರುವಾದ, ಮುಂಬೈಯ ಸಂಸ್ಥೆ ಅದು. ಹಾಡು ಬರೆದವರು, ಧಾಟಿ ಹಾಕಿದವರು ಸದಸ್ಯರಾಗಿ ಪ್ರತಿ ಹಾಡನ್ನೂ ನಮೂದಿಸಬೇಕು. ಸದಸ್ಯರಾಗಿ ಹಾಡು ನಮೂದಿಸದಿದ್ದರೆ ಏನೂ ಬರುವುದಿಲ್ಲ.

ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ. ಹಕ್ಕು ಹಾಡು ಹುಟ್ಟಿದಾಗಲೇ ಹುಟ್ಟುತ್ತದೆ. ನಾನು ಮಾಡಿಸಲಿಲ್ಲ.

ಅಮೆರಿಕದ ಡಿಸ್ಟ್ರಿಬ್ಯೂಟರ್ ಆದರೆ ಡಬ್ಲ್ಯು-8 ಬೆನ್ ಎಂಬ ಫಾರಂ ಕೇಳುತ್ತಾರೆ. ಹೆದರಬೇಡಿ. ಅದರಲ್ಲಿ ನಿಮ್ಮ ಪ್ಯಾನ್ ನಂಬರ್ ಹಾಕಿ, ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದವನ್ನು ಆರಿಸಿದರೆ ಅಲ್ಲಿನ ರಾಯಧನದ ಮೇಲೆ ನೂರಕ್ಕೆ 15 ಹಿಡಿಯುತ್ತಾರೆ. ಬಿಟ್ಟರೆ 30.

ಈಗ ನನ್ನ ಲೆಕ್ಕ ಬಿಚ್ಚಿಡುತ್ತೇನೆ, ಲೆಕ್ಕ ಬರೆಯುವುದೇ ಕಸುಬಾದ ಮೇಲೆ ಮುಚ್ಚಿಡುವುದೇಕೆ. ಇಂಟರ್ಫೇಸ್ 15,000, ಮೈಕ್ 9,500, ಪಿಟೀಲಿಗೆ 6,000, ತಬಲಾಕ್ಕೆ 5,000, ಮಿಕ್ಸಿಂಗ್ ಹಾಡಿಗೆ 4,000ದಂತೆ 32,000, ಮಾಸ್ಟರಿಂಗ್ 12,000, ಮುಖಪುಟ 6,000, ಡಿಸ್ಟ್ರಿಬ್ಯೂಟರಿಗೆ 1,800. ಒಟ್ಟು 87,300 ರೂಪಾಯಿ. ಮೊದಲ ವರ್ಷ ಸ್ಟ್ರೀಮಿಂಗಿನಿಂದ ಬಂದದ್ದು 3,140. ಸ್ಪಾಟಿಫೈ 2024ರಿಂದ ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳದ ಹಾಡಿಗೆ ಹಣ ಕೊಡುವುದಿಲ್ಲ. ನನ್ನ ಎಂಟರಲ್ಲಿ ಮೂರು ಹಾಡು ಆ ಗೆರೆ ದಾಟಲಿಲ್ಲ. ಹಾಗಾಗಿ ಸ್ಟ್ರೀಮಿಂಗ್ ನಂಬಿ ಸಾಲ ಮಾಡಬೇಡಿ.

ಪೆನ್‌ಡ್ರೈವ್

ನನಗೆ ಹಣ ತಂದುಕೊಟ್ಟದ್ದು ಪೆನ್‌ಡ್ರೈವ್. ನಗಬೇಡಿ. ನಮ್ಮ ಕಡೆ ತೋಟಕ್ಕೆ ಹೋಗುವ ದಾರಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಜೀಪಿನಲ್ಲಿ, ಕಾರಿನಲ್ಲಿ ಈಗಲೂ ಪೆನ್‌ಡ್ರೈವ್ ಓಡುತ್ತದೆ. ಬಿಡುಗಡೆಯ ಸಂಜೆ ಒಂದು ಸಣ್ಣ ಸಭಾಂಗಣದಲ್ಲಿ ಎಂಟೂ ಹಾಡು ಹಾಡಿದೆವು. ಹೊರಗೆ ಮೇಜು ಹಾಕಿ, ಹಾಡಿನ ಸಾಹಿತ್ಯದ ಪುಟ್ಟ ಪುಸ್ತಕದ ಜೊತೆ ಪೆನ್‌ಡ್ರೈವ್ 300 ರೂಪಾಯಿಗೆ ಇಟ್ಟೆವು. ಆ ದಿನ 46 ಹೋದವು, ಮುಂದಿನ ಆರು ತಿಂಗಳಲ್ಲಿ ಇನ್ನೂ 90. ಎಷ್ಟೋ ಜನ ಪುಸ್ತಕಕ್ಕಾಗಿಯೇ ಕೊಂಡರು.

ಮಾಡುವುದಾದರೆ ಹೀಗೆ ಮಾಡಿ. ಡ್ರೈವನ್ನು ಫ್ಯಾಟ್-32 ರೂಪಕ್ಕೆ ಫಾರ್ಮ್ಯಾಟ್ ಮಾಡಿ. ಹಾಡು ಎಂಪಿ3 ಇರಲಿ, 320 ಕೆಬಿಪಿಎಸ್. ಹಳೆಯ ಕಾರ್ ಸ್ಟೀರಿಯೋಗಳಿಗೆ ವೇವ್ ಫೈಲ್ ಅರ್ಥವಾಗುವುದಿಲ್ಲ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಮುಂದೆ 01, 02 ಎಂದು ಅಂಕಿ. ಕನ್ನಡದಲ್ಲಿ ಇಟ್ಟರೆ ಡಿಸ್‌ಪ್ಲೇಯಲ್ಲಿ ಬರೀ ಚೌಕಗಳು ಕಾಣುತ್ತವೆ, ಕ್ರಮವೂ ತಪ್ಪಬಹುದು. ಅಗ್ಗದ ಡ್ರೈವ್ ಸಗಟಿನಲ್ಲಿ ತರಿಸಿದರೆ ನೂರರಲ್ಲಿ ನಾಲ್ಕೈದು ಕೆಟ್ಟಿರುತ್ತವೆ. ನಾನು ಒಂದೊಂದನ್ನೂ ನಮ್ಮ ಹಳೆಯ ಆಲ್ಟೋಗೆ ಚುಚ್ಚಿ, ಮೊದಲ ಹಾಡಿನ ಹತ್ತು ಸೆಕೆಂಡು ಕೇಳಿ, ಆಮೇಲೆ ಕವರಿಗೆ ಹಾಕಿದೆ. ಎರಡು ಸಂಜೆ ಹಿಡಿಯಿತು, ಕಾರಿನ ಬ್ಯಾಟರಿಯೂ ಇಳಿಯಿತು. ನೀವು ಮಾಡುವಾಗ ನಡುನಡುವೆ ಎಂಜಿನ್ ಸ್ಟಾರ್ಟ್ ಮಾಡಿ.